ಇಪ್ಪತ್ತು ಮೀಟರ್ ಹಗ್ಗದ ಚೀಲ: ಒಂದು ಮಳೆಗಾಲ ಬಳಸಿದ ಮೇಲೆ

ನೀರಿನಲ್ಲಿ ಸಿಕ್ಕಿಕೊಂಡವರಿಗೆ ಹಗ್ಗ ಎಸೆಯಲು ಬಳಸುವ ಈ ಚೀಲವನ್ನು 2,340 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ಗಂಗಾವತಿಗೆ ಬರಲು ಒಂಬತ್ತು ದಿನ ಹಿಡಿಯಿತು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಚೀಲದ್ದೂ ಅಲ್ಲ, ಹಗ್ಗದ್ದೂ ಅಲ್ಲ; ಹೊದಿಕೆಯ ಮೇಲೆ ಅಚ್ಚಾಗಿರುವ ಚಿತ್ರದ್ದು. ಆ ಚಿತ್ರದಲ್ಲಿ ಒಬ್ಬನೇ ಒಬ್ಬ ಮನುಷ್ಯ ದಡದ ಮೇಲೆ ನೆಟ್ಟಗೆ ನಿಂತಿದ್ದಾನೆ. ಹಗ್ಗದ ತುದಿಯ ಕುಣಿಕೆಯನ್ನು ಕೈಗೆ ಹಾಕಿಕೊಂಡಿದ್ದಾನೆ. ನೀರಿನಲ್ಲಿರುವವನು ಹಗ್ಗ ಹಿಡಿದು ಸಲೀಸಾಗಿ ದಡಕ್ಕೆ ಬರುತ್ತಿದ್ದಾನೆ. ನಾನು ಆ ಚಿತ್ರವನ್ನು ನಂಬಿದ್ದೆ. ನನ್ನ ಬಲಗೈ ಮಣಿಕಟ್ಟಿನ ಸುತ್ತ ಈಗಲೂ ಇರುವ ಕಲೆ ಆ ನಂಬಿಕೆಯ ಗುರುತು.

ಮೊದಲು ವಸ್ತುವಿನ ಬಗ್ಗೆ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಇದಕ್ಕೆ ಥ್ರೋ ಬ್ಯಾಗ್ ಎನ್ನುತ್ತಾರೆ. ನಮ್ಮ ಗುಂಪಿನಲ್ಲಿ ಹಗ್ಗದ ಚೀಲ ಎಂದೇ ಕರೆಯುತ್ತೇವೆ. ಕೆಂಪು ಬಟ್ಟೆಯ ಉದ್ದನೆಯ ಚೀಲ, ಸೇರಿನ ಅಳತೆಪಾತ್ರೆಗಿಂತ ಸ್ವಲ್ಪ ದಪ್ಪ. ಒಳಗೆ ಎಂಟು ಮಿಲಿಮೀಟರ್ ದಪ್ಪದ ಹಳದಿ ಹಗ್ಗ. ಹಗ್ಗದ ಒಂದು ತುದಿ ಚೀಲದ ತಳಕ್ಕೆ ಗಂಟು ಬಿದ್ದಿದೆ, ಇನ್ನೊಂದು ತುದಿ ಬಾಯಿಯಿಂದ ಹೊರಗೆ ಬಂದಿದೆ. ತಳದಲ್ಲಿ ತೇಲುವ ಫೋಮ್ ಬಿಲ್ಲೆ ಇದೆ. ಹೊರಗಿನ ತುದಿಯನ್ನು ಹಿಡಿದುಕೊಂಡು ಚೀಲವನ್ನು ಎಸೆದರೆ, ಅದು ಗಾಳಿಯಲ್ಲಿ ಹೋಗುತ್ತಾ ಹಗ್ಗವನ್ನು ತಾನೇ ಬಿಚ್ಚಿಕೊಳ್ಳುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದಾಗ ಎಂಟುನೂರು ಗ್ರಾಂಗಿಂತ ಸ್ವಲ್ಪ ಹೆಚ್ಚು ಬಂತು. ಟೇಪ್ ಹಿಡಿದು ಅಳೆದಾಗ ಹಗ್ಗ 19 ಮೀಟರ್ 40 ಸೆಂಟಿಮೀಟರ್ ಇತ್ತು, ಇಪ್ಪತ್ತಲ್ಲ. ಹೊಳೆಯಲ್ಲಿ ಅರವತ್ತು ಸೆಂಟಿಮೀಟರ್ ಎಂದರೆ ಒಂದು ಕೈಯಳತೆ; ಮಾರುವವರು ಸರಿಯಾದ ಅಳತೆ ಬರೆಯಬೇಕು.

ಹಗ್ಗ ಪಾಲಿಪ್ರೊಪಿಲೀನ್‌ನದು. ನೀರಿಗಿಂತ ಹಗುರ, ಆದ್ದರಿಂದ ತೇಲುತ್ತದೆ. ಇದು ಸಣ್ಣ ವಿಷಯವಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ನೈಲಾನ್ ಹಗ್ಗ ಗಟ್ಟಿ, ಆದರೆ ಮುಳುಗುತ್ತದೆ. ಮುಳುಗಿದ ಹಗ್ಗ ಮುಳುಗುವವನಿಗೆ ಕಾಣುವುದಿಲ್ಲ, ಜೊತೆಗೆ ನಮ್ಮ ಹೊಳೆಯ ತಳದಲ್ಲಿರುವ ಬಂಡೆಗಳ ಸಂದಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ದೊಡ್ಡಪ್ಪ ಹರಿಗೋಲು ಕಟ್ಟಲು ಬಳಸುವ ತೆಂಗಿನ ನಾರಿನ ಹಗ್ಗ ನೆನೆದರೆ ಎತ್ತಲಾರದಷ್ಟು ಭಾರ. ಅದನ್ನು ಹತ್ತು ಮೀಟರ್ ಎಸೆಯುವುದಕ್ಕೂ ಗಟ್ಟಿಯಾದ ರಟ್ಟೆ ಬೇಕು.

ರಟ್ಟೆಯ ಮಾತು ಬಂದದ್ದರಿಂದ ನನ್ನ ಬಗ್ಗೆ ಹೇಳಬೇಕು. ಗಂಗಾವತಿಯ ಒಂದು ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಣದ ಶಿಕ್ಷಕಿ. ಕಾಲೇಜಿನ ದಿನಗಳಲ್ಲಿ ಜಾವೆಲಿನ್ ಎಸೆಯುತ್ತಿದ್ದೆ. ಮನೆ ಆನೆಗೊಂದಿಯ ಕಡೆ, ತುಂಗಭದ್ರೆಯ ಉತ್ತರ ದಡದಲ್ಲಿ. ರಾತ್ರಿ ಮಲಗಿದರೆ ಹೊಳೆಯ ಸದ್ದು ಕೇಳಿಸುವಷ್ಟು ಹತ್ತಿರ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಕೊಂಡು ಹೋದಾಗ ನಮ್ಮ ಓಣಿಯಲ್ಲಿ ಯಾರೂ ಮಲಗಲಿಲ್ಲ. ಒಟ್ಟು 33 ಗೇಟುಗಳಲ್ಲಿ ಒಂದು ಹೋಯಿತು, ಒತ್ತಡ ತಗ್ಗಿಸಲು ಉಳಿದವನ್ನೂ ಎತ್ತುತ್ತಿದ್ದಾರೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ದನಗಳ ಹಗ್ಗ ಬಿಚ್ಚಿ, ಅಕ್ಕಿ ಮೂಟೆಗಳನ್ನು ಅಟ್ಟಕ್ಕೆ ಏರಿಸಿ, ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡು ಬೆಳಕು ಹರಿಸಿದೆವು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯನ್ನು ಇಳಿಸಿ ಒಂದು ವಾರದಲ್ಲಿ ಆ ಬಾಯಿ ಮುಚ್ಚಿದರು. ಆ ವಾರವೇ ನಮ್ಮ ದಡದ ಏಳು ಜನ ಸೇರಿ ಒಂದು ಗುಂಪು ಮಾಡಿಕೊಂಡೆವು. ಹರಿಗೋಲು ಹಾಕುವ ದೊಡ್ಡಪ್ಪ, ಅಗ್ನಿಶಾಮಕ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು, ವಿಪತ್ತಿನಲ್ಲಿ ನೆರವಾಗುವ ಸ್ವಯಂಸೇವಕರನ್ನು ತಯಾರು ಮಾಡುವ ಆಪದಾ ಮಿತ್ರ ಯೋಜನೆಯಲ್ಲಿ 12 ದಿನದ ತರಬೇತಿ ಮುಗಿಸಿದ ಒಬ್ಬ ಹುಡುಗ, ಪಂಪ್‌ಸೆಟ್ ರಿಪೇರಿ ಮಾಡುವ ಅಣ್ಣತಮ್ಮಂದಿರಿಬ್ಬರು, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಒಬ್ಬರು, ನಾನು. ಎಲ್ಲರಿಗಿಂತ ಹೊಸಬಳು ನಾನೇ. ಚೀಲ ತರಿಸಿದವಳೂ ನಾನೇ.

ಬೇಸಿಗೆಯಲ್ಲಿ ಶಾಲೆಯ ಮೈದಾನದಲ್ಲಿ ಅಭ್ಯಾಸ ಮಾಡಿದೆ. ಹದಿನೈದು ಮೀಟರ್ ದೂರದಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ಮು ಇಟ್ಟು, ಕೈ ಕೆಳಗಿನಿಂದ, ಪಕ್ಕದಿಂದ, ಭುಜದ ಮೇಲಿನಿಂದ, ಮೂರೂ ಬಗೆಯಲ್ಲಿ ಎಸೆದೆ. ಹತ್ತರಲ್ಲಿ ಒಂಬತ್ತು ಸಲ ಹಗ್ಗ ಡ್ರಮ್ಮಿನ ಮೇಲೆಯೇ ಬಿತ್ತು. ಎಸೆತದ ಮಟ್ಟಿಗೆ ಈ ಚೀಲಕ್ಕೆ ಪೂರ್ಣ ಅಂಕ ಕೊಡುತ್ತೇನೆ. ತೂಕ ತಳದಲ್ಲಿರುವುದರಿಂದ ಗಾಳಿಯಲ್ಲಿ ಓಲಾಡುವುದಿಲ್ಲ. ಬಾಯಿ ಅಗಲವಾಗಿರುವುದರಿಂದ ಹಗ್ಗ ತಡೆಯಿಲ್ಲದೆ ಬಿಚ್ಚಿಕೊಳ್ಳುತ್ತದೆ. ಆದರೆ ಮೈದಾನ ಹರಿಯುವುದಿಲ್ಲ, ಡ್ರಮ್ಮು ಎಳೆಯುವುದಿಲ್ಲ. ಈ ಎರಡು ಸಂಗತಿ ನನಗೆ ಆಗ ಹೊಳೆಯಲಿಲ್ಲ. ನಿವೃತ್ತ ಹಿರಿಯರು ಒಂದೇ ಮಾತು ಹೇಳಿದ್ದರು: "ಮೂರು ಜನ ಸೇರುವವರೆಗೆ ಚೀಲ ಬಿಚ್ಚಬೇಡ." ನಾನು ತಲೆಯಾಡಿಸಿದ್ದೆ.

ಕಳೆದ ಮುಂಗಾರಿನಲ್ಲಿ ಒಂದು ಭಾನುವಾರ. ಆಚೆ ದಡದಲ್ಲಿ ಹಂಪಿಯ ಪುರಂದರ ಮಂಟಪಕ್ಕೆ ನೀರು ಏರಿದೆ ಎಂದು ಹಿಂದಿನ ಸಂಜೆಯೇ ತಿಳಿದಿತ್ತು. ನಮಗೆ ಆ ಮಂಟಪವೇ ಅಳತೆಗೋಲು. ಅದರ ಕಂಬಗಳು ಮುಳುಗಿದವೆಂದರೆ ನಮ್ಮ ಗದ್ದೆಯ ಬದುವಿಗೆ ನೀರು ಬರುತ್ತದೆ, ಕೆಳಗೆ ಕಂಪ್ಲಿಯ ಸೇತುವೆಯ ಮೇಲೆ ಸಂಚಾರ ನಿಲ್ಲಿಸುತ್ತಾರೆ. ಡ್ಯಾಂನಿಂದ ನೀರು ಬಿಟ್ಟಾಗಲೆಲ್ಲ ದಡದ ರೈತರು ಮೊದಲು ಓಡುವುದು ಪಂಪ್‌ಸೆಟ್ ಬಿಚ್ಚಲು. ಮೂವತ್ತು ನಲವತ್ತು ಸಾವಿರದ ಮೋಟಾರು, ಸಾಲ ಮಾಡಿ ತಂದದ್ದು. ಅದನ್ನು ಬಿಟ್ಟು ಬಾ ಎಂದು ಹೇಳುವುದು ಸುಲಭ. ಆ ಬೆಳಿಗ್ಗೆಯೂ ಐವತ್ತು ವಯಸ್ಸಿನ ಒಬ್ಬ ರೈತರು ಮೋಟಾರು ಬಿಚ್ಚಲು ಇಳಿದಿದ್ದರು. ಬಿಚ್ಚುವಷ್ಟರಲ್ಲಿ ದಡಕ್ಕೂ ಅವರಿದ್ದ ಬಂಡೆಗೂ ನಡುವೆ ಹೊಸ ಕವಲು ಹರಿಯತೊಡಗಿತು. ಹದಿನಾಲ್ಕು ಮೀಟರ್ ಅಗಲವಿದ್ದೀತು. ಕಂದು ಬಣ್ಣದ ನೀರು, ನಡುವೆ ಉಬ್ಬಿಕೊಂಡು, ಬುಡಸಮೇತ ಕಿತ್ತ ಜಾಲಿಗಿಡಗಳನ್ನು ಹೊತ್ತು ಹೋಗುತ್ತಿತ್ತು.

ನಮ್ಮ ಮನೆ ಹತ್ತಿರವಿದ್ದುದರಿಂದ ನಾನು ಮೊದಲು ತಲುಪಿದೆ. ಓಡುತ್ತಲೇ ದೊಡ್ಡಪ್ಪನಿಗೆ ಕರೆ ಮಾಡಿದ್ದೆ. "ಬರುತ್ತಿದ್ದೇವೆ, ಕಾಯಿ" ಎಂದರು. ಬಂಡೆಯ ಮೇಲೆ ನೀರು ಆ ರೈತರ ಮೊಣಕಾಲು ಮುಟ್ಟಿತ್ತು. ಅವರು ನನ್ನನ್ನೇ ನೋಡುತ್ತಿದ್ದರು. ಅಂಥ ನೋಟದ ಮುಂದೆ ಕಾಯುವುದು ಎಷ್ಟು ಕಷ್ಟವೆಂದು ಆ ಸ್ಥಳದಲ್ಲಿ ನಿಂತವರಿಗೆ ಗೊತ್ತು. ಲೈಫ್ ಜಾಕೆಟ್ ಮನೆಯಲ್ಲೇ ಉಳಿದಿತ್ತು. ಹೊದಿಕೆಯ ಚಿತ್ರದಲ್ಲಿದ್ದಂತೆ ಹಗ್ಗದ ಕುಣಿಕೆಯನ್ನು ಬಲಗೈಗೆ ಹಾಕಿಕೊಂಡೆ. ಜಾರದಿರಲಿ ಎಂದು ಮೇಲೆ ಇನ್ನೊಂದು ಸುತ್ತು ಸುತ್ತಿದೆ. ಎಡಗೈಯಲ್ಲಿ ಎಸೆಯಲಾರೆ ಎಂದು, ಸುತ್ತಿದ ಕೈಯಲ್ಲೇ ಚೀಲ ಹಿಡಿದು ಎಸೆದೆ. ಎಸೆತ ಚೆನ್ನಾಗಿತ್ತು, ಚೀಲ ನೇರ ಅವರ ಎದೆಗೆ ಹೋಗಿ ಬಿತ್ತು.

ಅವರು ಹಗ್ಗವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ನಾನು ಏನನ್ನಾದರೂ ಹೇಳುವ ಮೊದಲೇ, ನೀರಿಗೆ ಧುಮುಕಿದರು.

ಮುಂದಿನದು ಕೆಲವೇ ಕ್ಷಣಗಳ ಮಾತು. ಹಗ್ಗ ಬಿಗಿಯಾದಾಗ ಯಾರೋ ನನ್ನ ತೋಳನ್ನು ಭುಜದಿಂದ ಕೀಳುತ್ತಿದ್ದಾರೆ ಎನಿಸಿತು. ಗಾಜಿನ ಬಳೆಗಳು ಒಡೆದು ಚೂರುಗಳು ಹಗ್ಗದ ಕೆಳಗೆ ಚರ್ಮದೊಳಗೆ ಇಳಿದವು. ನಿಂತಿದ್ದವಳು ಮೊಣಕಾಲೂರಿ ಬಿದ್ದೆ, ನೆನೆದ ಹುಲ್ಲಿನ ಮೇಲೆ ಜಾರಿದೆ, ಮೊಣಕೈವರೆಗೆ ನೀರಿಗೆ ಇಳಿದೆ. ಕೈಬಿಡಬೇಕೆಂದರೂ ಬಿಡಲಾಗದಂತೆ ಹಗ್ಗ ಮಣಿಕಟ್ಟನ್ನು ಕಚ್ಚಿತ್ತು. ಆ ರೈತರು ನನ್ನ ಕಡೆ ಮುಖಮಾಡಿ ಹಗ್ಗ ಹಿಡಿದಿದ್ದರಿಂದ ಹೊಳೆಯ ನೀರೆಲ್ಲ ಅವರ ಮುಖದ ಮೇಲೆ ಹಾಯುತ್ತಿತ್ತು. ನಾನು ಅವರನ್ನು ಹಿಡಿದಿರಲಿಲ್ಲ. ನಮ್ಮಿಬ್ಬರನ್ನೂ ಹೊಳೆ ಹಿಡಿದಿತ್ತು.

ಆಗ ಹಿಂದಿನಿಂದ ಯಾರೋ ನನ್ನ ಸೊಂಟದ ವೇಲನ್ನು ಹಿಡಿದು ಕುಳಿತರು. ತರಬೇತಿ ಪಡೆದ ಹುಡುಗ ಎಂದು ಆಮೇಲೆ ತಿಳಿಯಿತು. ದೊಡ್ಡಪ್ಪ ನನ್ನನ್ನು ನೋಡಲೂ ನಿಲ್ಲದೆ ಕೆಳಗಿನ ಕಡೆಗೆ ಓಡಿದರು. ಬಿಗಿದ ಹಗ್ಗದ ನಡುಭಾಗವನ್ನು ಹಿಡಿದು ದಡದತ್ತ ಎಳೆದುಕೊಂಡು ನಡೆದರು. ಹಗ್ಗ ಬಿಲ್ಲಿನಂತೆ ಬಾಗಿತು. ಆ ರೈತರು ಗಡಿಯಾರದ ಲೋಲಕದಂತೆ ದಡಕ್ಕೆ ಬೀಸಿಕೊಂಡು ಬಂದರು. ಪಂಪ್‌ಸೆಟ್ ಅಣ್ಣತಮ್ಮಂದಿರು ಜಾಲಿಯ ಪೊದೆಯೊಳಗೇ ಇಳಿದು ಅವರ ಅಂಗಿ ಹಿಡಿದು ಎಳೆದುಕೊಂಡರು. ನರ್ಸ್ ಆ ರೈತರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿದರು, ಉಸಿರು ನೋಡಿದರು, ಒದ್ದೆ ಬಟ್ಟೆ ತೆಗೆಸಿ ಕಂಬಳಿ ಹೊದಿಸಿದರು. ಆಮೇಲೆ ನನ್ನ ಕೈಯಿಂದ ಗಾಜು ತೆಗೆದರು. ಏಳು ಚೂರು.

ಯಾರೂ ಬೈಯಲಿಲ್ಲ. ದೊಡ್ಡಪ್ಪ ಹಗ್ಗವನ್ನು ತೊಳೆದು ಚೀಲಕ್ಕೆ ತುಂಬುತ್ತಾ, "ಎಸೆತ ಚೆನ್ನಾಗಿತ್ತು ಮಗಳೇ" ಎಂದರು. ಅದು ನಿಜವಾಗಿತ್ತು, ಅದಕ್ಕೇ ಅಷ್ಟು ನೋವಾಯಿತು.

ಚೀಲ ಕೊಳ್ಳಬೇಕೆಂದಿರುವವರಿಗೆ ಇಷ್ಟನ್ನೂ ಹೇಳುತ್ತಿರುವುದಕ್ಕೆ ಕಾರಣವಿದೆ. ಈ ವಸ್ತು ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ, ಆದರೆ ಅದರ ಕೆಲಸ ಇಬ್ಬರನ್ನು ಒಂದೇ ಹಗ್ಗಕ್ಕೆ ಸೇರಿಸುವುದು ಅಷ್ಟೇ. ದಡದ ತುದಿ ಗಟ್ಟಿಯಾಗಿಲ್ಲದಿದ್ದರೆ ಅದು ಎರಡನೆಯವರನ್ನೂ ನೀರಿಗೆ ಕೊಡುತ್ತದೆ. 2019ರ ಆಗಸ್ಟಿನಲ್ಲಿ ಹಂಪಿಯ ಎದುರಿನ ನಡುಗಡ್ಡೆ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದಾಗ, ಅವರನ್ನು ತರಲು ಹೋದ ದೋಣಿಯೇ ಮಗುಚಿ, ಅದರಲ್ಲಿದ್ದ ರಕ್ಷಕರನ್ನು ಮತ್ತೆ ಬೇರೆಯವರು ಕಾಪಾಡಬೇಕಾಯಿತು. ಅವರು ಪಳಗಿದವರು, ಹಿಂದೆ ಬೇರೆ ತಂಡ ಇತ್ತು, ಉಳಿದರು. ನನ್ನ ಹಿಂದೆ ಆ ಬೆಳಿಗ್ಗೆ ಮೂರು ನಿಮಿಷ ಯಾರೂ ಇರಲಿಲ್ಲ.

ಕೈಯ ಕಟ್ಟು ಬಿಚ್ಚಿದ ಮೇಲೆ ನಿವೃತ್ತ ಹಿರಿಯರು ನನ್ನನ್ನು ಎಡದಂಡೆ ಕಾಲುವೆಯ ಒಂದು ಸಣ್ಣ ವಿತರಣಾ ನಾಲೆಗೆ ಕರೆದುಕೊಂಡು ಹೋದರು. ಜೊತೆಯಲ್ಲಿ ಒಂದು ಪ್ಲಾಸ್ಟಿಕ್ ಕೊಡ. ಕೊಡಕ್ಕೆ ಹಗ್ಗ ಕಟ್ಟಿ, ಬಾಯಿ ನೀರು ಹರಿದು ಬರುವ ಕಡೆಗೆ ತಿರುಗಿ ನೀರು ತುಂಬುವಂತೆ ನಾಲೆಗೆ ಬಿಟ್ಟು, ತುದಿಯನ್ನು ನನ್ನ ಕೈಗೆ ಕೊಟ್ಟರು. ಅಗಲವಾದ ಕಡೆ ನೀರು ನಿಧಾನ. ಒಂದು ಕೈಯಲ್ಲಿ ಹಿಡಿದು ನಿಂತೆ. ತೂಬಿನ ಹತ್ತಿರ ನಾಲೆ ಕಿರಿದಾಗಿ ನೀರಿನ ವೇಗ ಹೆಚ್ಚಾಗುತ್ತದೆ. ಅಲ್ಲಿ ಅದೇ ಕೊಡ ನನ್ನನ್ನು ಎರಡು ಹೆಜ್ಜೆ ಎಳೆಯಿತು. "ವೇಗ ಎರಡು ಪಟ್ಟಾದರೆ ನೂಕು ನಾಲ್ಕು ಪಟ್ಟಾಗುತ್ತದೆ. ಇದು ಕೊಡ. ಅಂದು ನೀನು ಹಿಡಿದದ್ದು ಮನುಷ್ಯ, ಅದೂ ಹೊಳೆಯಲ್ಲಿ" ಎಂದರು. ಲಕ್ಷ ಕ್ಯುಸೆಕ್ ನೀರು ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಸೆಕೆಂಡಿಗೆ ಇಪ್ಪತ್ತೆಂಟು ಲಕ್ಷ ಲೀಟರ್‌ಗಿಂತ ಹೆಚ್ಚು ಎಂದು ಅವರೇ ಲೆಕ್ಕ ಮಾಡಿ ತೋರಿಸಿದರು. ಜಾವೆಲಿನ್ ಎಸೆದ ರಟ್ಟೆ ಅದಕ್ಕೆ ಯಾವ ಲೆಕ್ಕ!

ಅಂದಿನಿಂದ ಚೀಲಕ್ಕೆ ನಾಲ್ಕು ಸ್ಥಾನ ಗೊತ್ತು ಮಾಡಿಕೊಂಡೆವು. ಮೇಲ್ಕಾವಲಿನವರು ಪ್ರವಾಹದ ಮೇಲ್ಗಡೆ ನಿಂತು ತೇಲಿ ಬರುವ ಮರ, ಬಳ್ಳಿ, ಸತ್ತ ದನ ನೋಡುತ್ತಾರೆ. ಕಂಡರೆ ಸೀಟಿ ಎರಡು ಸಲ. ಎಸೆಯುವವರು ಎಸೆಯುವ ಮೊದಲು "ಹಗ್ಗ!" ಎಂದು ಕೂಗಿ ನೀರಿನಲ್ಲಿರುವವರ ಕಣ್ಣು ತಮ್ಮ ಕಡೆ ತಿರುಗಿಸಿಕೊಳ್ಳಬೇಕು, ಎಸೆದ ತಕ್ಷಣ ನೆಲಕ್ಕೆ ಕುಳಿತು, ಕಾಲನ್ನು ಕಲ್ಲಿಗೆ ಊರಿ, ಹಗ್ಗವನ್ನು ಸೊಂಟದ ಹಿಂದಿನಿಂದ ತಂದುಕೊಳ್ಳಬೇಕು. ಕೈಗೆ ಎಂದಿಗೂ ಸುತ್ತುವಂತಿಲ್ಲ. ಮೂರನೆಯವರು ಬೆನ್ನು ಹಿಡಿಯುವವರು: ಎಸೆದವರ ಲೈಫ್ ಜಾಕೆಟ್‌ನ ಎರಡು ಭುಜಪಟ್ಟಿಗಳನ್ನು ಹಿಡಿದು ಹಿಂದೆ ಕುಳಿತಿರುತ್ತಾರೆ. ಕೆಳಕಾವಲಿನವರು ಇನ್ನೊಂದು ಹಗ್ಗ ಹಿಡಿದು ಪ್ರವಾಹದ ಕೆಳಗಡೆ ಕಾಯುತ್ತಾರೆ, ಮೊದಲ ಎಸೆತ ತಪ್ಪಿದರೆ ಎರಡನೆಯದು ಅವರದು. ಹಗ್ಗ ಕತ್ತರಿಸುವ ಚಾಕು ಅವರ ಬಳಿ ಇರುತ್ತದೆ. ನೀರಿನಲ್ಲಿರುವವರಿಗೆ ಏನು ಕೂಗಬೇಕೆಂಬುದನ್ನೂ ಬಾಯಿಪಾಠ ಮಾಡಿದೆವು: ಅಂಗಾತ ಮಲಗಿ, ಕಾಲು ಹೊಳೆ ಹರಿಯುವ ಕಡೆ, ಹಗ್ಗ ಭುಜದ ಮೇಲೆ, ಎದೆಗೆ ಅವಚಿಕೊಳ್ಳಿ. ಹೀಗೆ ಮಲಗಿದರೆ ನೀರು ತಲೆಯ ಎರಡೂ ಕಡೆಗೆ ಸೀಳಿ ಹೋಗುತ್ತದೆ, ಮುಖದ ಮುಂದೆ ಉಸಿರಿಗೆ ಜಾಗ ಉಳಿಯುತ್ತದೆ. ಆ ಭಾನುವಾರ ಈ ನಾಲ್ಕು ಮಾತು ನನ್ನ ಬಾಯಲ್ಲಿ ಇದ್ದಿದ್ದರೆ ಆ ರೈತರು ಅಷ್ಟು ನೀರು ಕುಡಿಯುತ್ತಿರಲಿಲ್ಲ.

ಸ್ಥಾನ ಹಂಚುವಾಗ ಎಸೆಯುವುದು ನನಗೇ ಬರುತ್ತದೆ ಎಂದುಕೊಂಡಿದ್ದೆ. ಹಿರಿಯರು ನನ್ನನ್ನು ಬೆನ್ನು ಹಿಡಿಯಲು ಹಾಕಿದರು. ಒಂದು ದಿನಕ್ಕಲ್ಲ, ಪೂರ್ತಿ ಒಂದು ತಿಂಗಳು. ಎಸೆಯುವುದು ತರಬೇತಿಯ ಹುಡುಗ. ಅವನ ಎಸೆತ ನನ್ನ ಎಸೆತದಷ್ಟು ದೂರ ಹೋಗುವುದಿಲ್ಲ.

ಬೆನ್ನು ಹಿಡಿದು ಕುಳಿತವರಿಗೆ ಹೊಳೆ ಕಾಣುವುದಿಲ್ಲ. ಕಣ್ಣೆದುರು ಒಂದು ಕಿತ್ತಳೆ ಬಣ್ಣದ ಜಾಕೆಟ್, ಅದರ ಹೊಲಿಗೆ, ಹೊಲಿಗೆಯಲ್ಲಿ ಒಣಗಿದ ಮಣ್ಣು, ಕುತ್ತಿಗೆಯ ಹಿಂದೆ ಬೆವರು. ಏನಾಗುತ್ತಿದೆ ಎಂಬುದೆಲ್ಲ ಎರಡು ಪಟ್ಟಿಗಳ ಮೂಲಕವೇ ತಿಳಿಯಬೇಕು. ಅಭ್ಯಾಸಕ್ಕೆಂದು ನಾಲೆಯಲ್ಲಿ ದೊಡ್ಡಪ್ಪನೇ ಹಗ್ಗ ಹಿಡಿದು ತೇಲುತ್ತಿದ್ದರು. ಹಗ್ಗ ಬಿಗಿಯಾಗುವ ಮೊದಲು ಹುಡುಗನ ಬೆನ್ನು ಒಂದು ಉಸಿರಿನಷ್ಟು ಹೊತ್ತು ಗಟ್ಟಿಯಾಗುತ್ತದೆ. ಆ ಗಟ್ಟಿತನ ಕೈಗೆ ತಿಳಿದಾಗಲೇ ನಾನು ಹಿಂದಕ್ಕೆ ವಾಲಬೇಕು; ಎಳೆತ ಬಂದ ಮೇಲೆ ವಾಲಿದರೆ ತಡವಾಯಿತು. ಮೊದಲ ವಾರ ಪ್ರತಿ ಸಲ ತಡ ಮಾಡಿದೆ. ಕುತ್ತಿಗೆ ಚಾಚಿ ನೀರನ್ನು ನೋಡಲು ಹೋಗುತ್ತಿದ್ದೆ, ಅಷ್ಟರಲ್ಲಿ ಪಟ್ಟಿ ಕೈಯಿಂದ ಜಾರುತ್ತಿತ್ತು. ಎರಡನೆಯ ವಾರ ಹಿರಿಯರು ನನ್ನ ಕಣ್ಣಿಗೆ ಟವೆಲ್ ಕಟ್ಟಿದರು. ಆಗ ಬಂತು. ಹುಡುಗ ಉಸಿರು ಎಳೆದುಕೊಳ್ಳುವುದು, ಬಲ ಹಿಮ್ಮಡಿ ಊರುವುದು, ಹಗ್ಗವನ್ನು ಒಂದು ಗೇಣು ಬಿಡುವುದು, ಎಲ್ಲವೂ ನನ್ನ ಬೆರಳಿಗೆ ತಿಳಿಯತೊಡಗಿತು. ಅವನು ಹಿಂದೆ ತಿರುಗಿ ನೋಡುವುದನ್ನು ಬಿಟ್ಟದ್ದೂ ಆಗಲೇ. ಅದುವರೆಗೆ ಪ್ರತಿ ಎಸೆತಕ್ಕೂ ಮುಂಚೆ ನಾನಿದ್ದೇನೆಯೇ ಎಂದು ಒಮ್ಮೆ ತಿರುಗುತ್ತಿದ್ದ. ಹದಿನೆಂಟು ವರ್ಷ ಆಟದ ಮೈದಾನದಲ್ಲಿ ಕಳೆದಿದ್ದೇನೆ. ಇಷ್ಟು ತೃಪ್ತಿ ಯಾವ ಪದಕವೂ ಕೊಟ್ಟಿರಲಿಲ್ಲ.

ಮತ್ತೊಮ್ಮೆ ಚೀಲ ನಿಜವಾಗಿ ಬಿಚ್ಚಿದ್ದು ಮಳೆಗಾಲದ ಕೊನೆಯಲ್ಲಿ, ಸಣಾಪುರದ ಕಡೆಯ ಬಂಡೆಗಳ ನಡುವೆ. ಅಲ್ಲಿ 2025ರ ಫೆಬ್ರವರಿಯಲ್ಲಿ ಬಂಡೆಯ ಮೇಲಿಂದ ಜಿಗಿದ ಹೈದರಾಬಾದಿನ ಯುವ ವೈದ್ಯೆಯೊಬ್ಬರು ಸೆಳವಿಗೆ ಸಿಕ್ಕಿ ಪ್ರಾಣ ಕಳೆದುಕೊಂಡ ನೆನಪು ಎಲ್ಲರಲ್ಲೂ ಇದೆ. ನೀರು ಶಾಂತವಾಗಿ ಕಾಣುತ್ತದೆ, ಬಂಡೆಗಳ ಸಂದಿಯಲ್ಲಿ ಒಳಗಿಂದ ಎಳೆಯುತ್ತದೆ. ಪ್ರವಾಸಕ್ಕೆ ಬಂದ ಒಬ್ಬ ಹುಡುಗ ಫೋಟೊ ತೆಗೆಯುವಾಗ ಪಾಚಿಯ ಮೇಲೆ ಜಾರಿದ. ನಾವು ಐದು ಜನ ಅಭ್ಯಾಸಕ್ಕೆಂದು ಅಲ್ಲೇ ಇದ್ದೆವು. ದೊಡ್ಡಪ್ಪ ಮೇಲೆ, ಅಣ್ಣತಮ್ಮಂದಿರು ಕೆಳಗೆ, ತರಬೇತಿಯ ಹುಡುಗ ಎಸೆದ, ನಾನು ಹಿಡಿದೆ. ಮೊದಲ ಎಸೆತ ಒಂದು ಮಾರು ಹಿಂದೆ ಬಿತ್ತು. ಕೆಳಗಿನವರ ಹಗ್ಗ ಸಿಕ್ಕಿತು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ನಾನು ಆ ಹುಡುಗನ ಮುಖ ನೋಡಿದ್ದು ಅವನು ದಡದಲ್ಲಿ ಕುಳಿತು ಚಹಾ ಕುಡಿಯುವಾಗ. ಅಣ್ಣತಮ್ಮಂದಿರ ಕೈಯಲ್ಲಿದ್ದದ್ದು ಈ ಚೀಲವಲ್ಲ, ಮನೆಯಲ್ಲೇ ಮಾಡಿದ್ದು.

ಅದರ ಬಗ್ಗೆಯೂ ಹೇಳಬೇಕು, ಎಲ್ಲರೂ ಎರಡು ಸಾವಿರ ಕೊಡಲಾರರು. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಎಸೆಯಲು ತೂಕ ಬರುವಷ್ಟು, ತಳದಲ್ಲಿ ಮೂರು ಬೆರಳು ನೀರು ಹಾಕಿ ಮುಚ್ಚಳ ಬಿಗಿದು, ಹಿಡಿಕೆಗೆ ತೇಲುವ ಪ್ಲಾಸ್ಟಿಕ್ ಹಗ್ಗ ಕಟ್ಟಬೇಕು. ಹಗ್ಗ ನೀರಿನಲ್ಲಿ ತೇಲುತ್ತದೆಯೇ ಎಂದು ಬಕೆಟ್‌ನಲ್ಲಿ ಹಾಕಿ ನೋಡಿಯೇ ಕೊಂಡುಕೊಳ್ಳಿ. ಕ್ಯಾನು ತಾನೂ ತೇಲುತ್ತದೆ, ಹಿಡಿದವರನ್ನೂ ಸ್ವಲ್ಪ ತೇಲಿಸುತ್ತದೆ. ಹತ್ತು ಮೀಟರ್‌ವರೆಗೆ ಒಳ್ಳೆಯದು. ಅದಕ್ಕಿಂತ ದೂರಕ್ಕೆ ಈ ಚೀಲವೇ ವಾಸಿ.

ಚೀಲದ ದೋಷಗಳು: ಬಾಯಿ ಮುಚ್ಚುವ ದಾರದ ಪ್ಲಾಸ್ಟಿಕ್ ಗುಂಡಿ ಎರಡನೇ ತಿಂಗಳಿಗೆ ಒಡೆಯಿತು, ನಾನು ಲಾಡಿ ಹಾಕಿಸಿದೆ. ಹಿಡಿಕೆಗೆ ಒಂದು ಕಬ್ಬಿಣದ ಕೊಕ್ಕೆ ಸಿಕ್ಕಿಸಿ ಕಳಿಸಿದ್ದರು. ಅದು ಎಸೆದಾಗ ತಲೆಗೆ ಬಡಿಯಬಹುದು, ಬಂಡೆಗೆ ಸಿಕ್ಕಿಕೊಳ್ಳಬಹುದು. ಬಂದ ದಿನವೇ ತೆಗೆದುಬಿಡಿ. ಹಗ್ಗದ ಕೈಯಲ್ಲಿ ಹಿಡಿಯುವ ತುದಿಯ ಕುಣಿಕೆಯನ್ನೂ ನಾವು ಕತ್ತರಿಸಿ, ಗಂಟಿಲ್ಲದ ಬರೀ ತುದಿ ಉಳಿಸಿಕೊಂಡಿದ್ದೇವೆ. ಬಿಡಬೇಕಾದಾಗ ಬಿಟ್ಟುಹೋಗಬೇಕು. ಬಿಸಿಲಿಗೆ ಹಳದಿ ಬಣ್ಣ ಮಾಸಿದೆ. ರಾಯಚೂರು, ಬಳ್ಳಾರಿ, ಕೊಪ್ಪಳದ ಬಿಸಿಲು ಈ ಬಗೆಯ ಹಗ್ಗವನ್ನು ಬೇಗ ಹಾಳು ಮಾಡುತ್ತದೆ, ನೆರಳಿನಲ್ಲೇ ಒಣಗಿಸಿ. ಹೊಳೆಯ ಮಣ್ಣು ಎಳೆಗಳ ನಡುವೆ ಕುಳಿತರೆ ಒಳಗಿಂದ ಅರೆಯುತ್ತದೆ, ಆದ್ದರಿಂದ ಪ್ರತಿ ಸಲ ತಿಳಿನೀರಿನಲ್ಲಿ ಜಾಲಿಸಬೇಕು. ತುಂಬುವಾಗ ಸುರುಳಿ ಸುತ್ತಬೇಡಿ, ಒಂದೊಂದೇ ಹಿಡಿ ಒಳಗೆ ತುರುಕುತ್ತಾ ಹೋಗಿ. ಸುರುಳಿ ಗಂಟಾಗುತ್ತದೆ, ತುರುಕಿದ್ದು ಗಂಟಾಗುವುದಿಲ್ಲ. ಈ ಕೆಲಸವನ್ನು ನಾವು ಇಬ್ಬರು ಮಾಡುತ್ತೇವೆ: ಒಬ್ಬರು ಹಗ್ಗವನ್ನು ಬೆರಳ ನಡುವೆ ಹಾಯಿಸುತ್ತಾ ಸವೆದ ಜಾಗ ಹುಡುಕುತ್ತಾರೆ, ಇನ್ನೊಬ್ಬರು ತುಂಬುತ್ತಾರೆ.

ಒಬ್ಬರೇ ಸುತ್ತಾಡಲು ಹೋಗುವವರು ಬೆನ್ನಚೀಲಕ್ಕೆ ನೇತುಹಾಕಿಕೊಳ್ಳಲು ಇದನ್ನು ಕೊಳ್ಳಬೇಡಿ. ಅವರಿಗೆ ಲೈಫ್ ಜಾಕೆಟ್ ಮತ್ತು ಮೊಬೈಲಿನಲ್ಲಿ ತುರ್ತು ಸಹಾಯದ ಸಂಖ್ಯೆ 112 ಸಾಕು. ಹೊಳೆದಂಡೆಯ ಊರುಗಳಲ್ಲಿ ಮೂರು ನಾಲ್ಕು ಜನ ಸೇರಿ ಹಣ ಹಾಕಿ ಕೊಂಡರೆ, ವಾರಕ್ಕೊಮ್ಮೆ ನಾಲೆಯಲ್ಲಿ ಅಭ್ಯಾಸ ಮಾಡಿದರೆ, ಕೊಟ್ಟ ಹಣಕ್ಕೆ ಮೋಸವಿಲ್ಲ.

ಕಳೆದ ವಾರ ಎರಡನೇ ಚೀಲ ಬಂದಿದೆ. ಆ ರೈತರು ಮೋಟಾರು ಮಾರಿದ ಹಣದಲ್ಲಿ ಐನೂರು ತಂದುಕೊಟ್ಟರು; ಉಳಿದದ್ದನ್ನು ಆರು ಜನ ಹಂಚಿಕೊಂಡೆವು. ಹೊದಿಕೆಯ ಮೇಲೆ ಅದೇ ಚಿತ್ರ, ಅದೇ ಒಬ್ಬ ಮನುಷ್ಯ. ನಮ್ಮ ಶಾಲೆಯ ಎಂಟನೇ ತರಗತಿಯ ಹುಡುಗಿಯೊಬ್ಬಳಿಗೆ ಮಾರ್ಕರ್ ಪೆನ್ನು ಕೊಟ್ಟು, ಅವನನ್ನು ಕುಳಿತವನನ್ನಾಗಿ ಮಾಡು, ಹಿಂದೆ ಒಬ್ಬರನ್ನು ಬರೆ, ಮೇಲೊಬ್ಬರು, ಕೆಳಗೊಬ್ಬರು ಎಂದೆ. ಅವಳು ಹಿಂದೆ ಕುಳಿತವರಿಗೆ ಎರಡು ಜಡೆ ಹಾಕಿದ್ದಾಳೆ. ಚೀಲ ಈಗ ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ, ಹರಿಗೋಲಿನ ಹುಟ್ಟಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ.